ಹಾಸಿನ ಮೇಲೆ ಕೂತ ಜೇನು

ನಾನು ತೆಗೆದ ಜೇನುಹುಳುಗಳ ಚಿತ್ರಗಳನ್ನು ನೋಡಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಎಷ್ಟು ತಾಳ್ಮೆ ನಿಮಗೆ ಎನ್ನುವುದು ಒಂದು. ಪ್ರಕೃತಿಯ ಮೇಲೆ ಎಷ್ಟು ಪ್ರೀತಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದು ಸುಳ್ಳು. ಜೇನಿರಲಿ, ಕಡಜವಿರಲಿ, ಹಿಂಭಾಗದಲ್ಲಿ ಮುಳ್ಳು ಹೊತ್ತು ಹಾರುವ ಯಾವ ಹುಳುವನ್ನು ಕಂಡರೂ ಒಂಬತ್ತನೆಯ ವಯಸ್ಸಿನಿಂದ ನನ್ನ ಅಂಗೈ ಬೆವರುತ್ತದೆ, ಕಾಲು ತಾವಾಗಿಯೇ ಹಿಂದಕ್ಕೆ ಸರಿಯುತ್ತವೆ. ಅಂಥ ನಾನು ಎಪ್ಪತ್ತರ ಹೊಸ್ತಿಲಲ್ಲಿ ಆ ಹುಳುವಿನ ಮೂತಿಗೆ ನಾಲ್ಕು ಬೆರಳು ದೂರದಲ್ಲಿ ಫೋನು ಹಿಡಿದು, ಉಸಿರು ಬಿಗಿಹಿಡಿದು ಕೂತದ್ದು ಒಬ್ಬ ಮನುಷ್ಯನ ಮೇಲಿನ ಸೇಡಿಗಾಗಿ.

ಆ ಮನುಷ್ಯ ನನ್ನ ದೊಡ್ಡಪ್ಪನ ಮಗ. ನನಗಿಂತ ಎಂಟು ವರ್ಷ ಹಿರಿಯ; ಇಂದಿಗೂ ಅವನನ್ನು ಅಣ್ಣ ಎಂದೇ ಕರೆಯುತ್ತೇನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವನ ಮಾತಿಗೆ ತೂಕವಿದೆ. ಹೆಣ್ಣು ನೋಡುವುದಕ್ಕೆ, ಮನೆ ಭಾಗ ಮಾಡುವುದಕ್ಕೆ ಅವನು ಬಂದು ಕೂರದೆ ಮಾತು ಮುಗಿಯುವುದಿಲ್ಲ. ಅವನಿಗೆ ಒಂದು ಕಥೆ ಬಾಯಿಪಾಠವಾಗಿದೆ. ನೆಂಟರು ಸೇರಿದ ಕಡೆ, ಊಟ ಮುಗಿದು ಎಲೆಅಡಿಕೆ ಕೈಗೆ ಬಂದ ಮೇಲೆ, ಹೊಸದಾಗಿ ಮನೆಗೆ ಬಂದ ಸೊಸೆಗೋ ಅಳಿಯನಿಗೋ ನನ್ನನ್ನು ತೋರಿಸಿ ಅದನ್ನು ಹೇಳುತ್ತಾನೆ.

"ಇವನಾ? ನೋಡೋಕೆ ಸಾಧು ಥರ ಇದಾನೆ. ಒಂಬತ್ತು ವರ್ಷಕ್ಕೇ ಹೆಜ್ಜೇನಿಗೆ ಕಲ್ಲು ಹೊಡ್ದು ಸ್ವಂತ ಅಕ್ಕನ ಕಣ್ಣು ತೆಗೆದೋನು ಕಣಮ್ಮ. ಇವನ ಕೈಗೆ ಕಲ್ಲು ಸಿಗ್ದಂಗೆ ನೋಡ್ಕೋ."

ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ. ನಗದೆ ಇದ್ದರೆ ತಪ್ಪನ್ನು ಇನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಿದ್ದಾನೆ, ಪಾಪ, ಎಂಬ ಕರುಣೆ ಬೇರೆ ಬರುತ್ತಿತ್ತು. ಅದಕ್ಕಿಂತ ನಗುವುದು ಸುಲಭವಾಗಿತ್ತು.

ನಡೆದದ್ದು ಹೀಗೆ. ಆಗ ನಮ್ಮದು ಕೂಡುಕುಟುಂಬ, ಗುಂಡಿ ಮಗ್ಗ, ಹತ್ತಿಯ ಸೀರೆ. ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ನಾವು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುಂಚೆ ಆ ಹಾಸನ್ನು ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಚಾಚಿ, ಎರಡು ತುದಿಗೂ ಕೋಲು ಕೊಟ್ಟು, ಹಗ್ಗದಿಂದ ಗೂಟಕ್ಕೆ ಬಿಗಿದು, ಗಂಜಿ ಚಿಮುಕಿಸಿ ಕುಂಚದಿಂದ ತೀಡುತ್ತಿದ್ದರು. ಗಂಜಿ ಒಣಗುವವರೆಗೆ ಬಿಗಿ ಸಡಿಲವಾಗಬಾರದು. ಒದ್ದೆ ಹಾಸು ಒಮ್ಮೆ ನೆಲಕ್ಕೆ ಬಿತ್ತೆಂದರೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಇಡೀ ಮನೆಯ ದುಡಿಮೆ ಹಗ್ಗದ ಸಿಂಬಿಯಾಗಿಬಿಡುತ್ತದೆ. ಆದ್ದರಿಂದ ನೇಕಾರರ ಮನೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ ಒಂದೇ: ಹಿಡಿದ ಹಾಸನ್ನು ಏನೇ ಆದರೂ ಬಿಡಬಾರದು.

ಬಿಸಿಲುಗಾಲದ ಒಂದು ಬೆಳಿಗ್ಗೆ ಹಾಸಿನ ಒಂದು ತುದಿಯ ಗೂಟ ಅಲುಗಿತು. ಅದನ್ನು ಮತ್ತೆ ಬಡಿಯಲು ಅಣ್ಣ ಸುತ್ತಿಗೆ ತರಲು ಹೋದ. ಅಷ್ಟು ಹೊತ್ತು ತುದಿಯ ಕೋಲನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ನಿಂತವಳು ನನ್ನ ಅಕ್ಕ. ಅವಳಿಗೆ ಹದಿನಾಲ್ಕು ವರ್ಷ. ಒಂದು ಜೇನು ಬಂದು, ಗಂಜಿಯ ಹನಿ ಸಿಡಿದಿದ್ದ ಅವಳ ಎಡಗೆನ್ನೆಯ ಮೇಲೆ ಕೂತು, ಹಾಗೆಯೇ ಮೇಲಕ್ಕೆ ನಡೆದು ಕಣ್ಣಿನ ಅಂಚಿಗೆ ಹೋಯಿತು. ಅವಳು ಕೈ ಎತ್ತಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ರೆಪ್ಪೆಯ ಮಡಿಕೆಯಲ್ಲಿ ಸಿಕ್ಕಿದ ಹುಳು ಚುಚ್ಚಿತು. ಅಣ್ಣ ಬಂದು ಗೂಟ ಬಡಿದು ಹಗ್ಗ ಬಿಗಿಯುವವರೆಗೂ ಅವಳು ಕೋಲು ಬಿಡಲಿಲ್ಲ. ಅಜ್ಜಿ ಸುಣ್ಣ ಹಚ್ಚಿದಳು. ಕಣ್ಣು ಊದಿ, ಕೀವು ಕಟ್ಟಿ, ಕೊನೆಗೆ ಅದರ ಬೆಳಕು ಹೋಯಿತು. ಕಣ್ಣನ್ನು ತಿಂದದ್ದು ಜೇನಿನ ನಂಜಿಗಿಂತ ಹೆಚ್ಚಾಗಿ ಅಜ್ಜಿಯ ಸುಣ್ಣವೇ ಇರಬಹುದೆಂಬ ಅನುಮಾನ ನನಗಿದೆ. ಆದರೆ ಅಜ್ಜಿ ಆ ಕಥೆಯನ್ನು ಮದುವೆಮನೆಗಳಲ್ಲಿ ಹೇಳಿ ನಗಿಸಲಿಲ್ಲ. ಅವಳ ಮೇಲೆ ನನಗೆ ಸೇಡಿಲ್ಲ.

ಹುಳು ಚುಚ್ಚಿದ ದಿನ ಸಂಜೆ ಅಪ್ಪ, ಬೀದಿಗೆ ಜೇನು ಯಾಕೆ ಬಂತು ಎಂದು ಕೇಳಿದರು. ಆಗ ಅಣ್ಣ ಹೇಳಿದ: "ಚಿಕ್ಕಪ್ಪ, ಇವನು ನಿನ್ನೆ ಅರಳಿ ಮರದ ಹೆಜ್ಜೇನಿಗೆ ಕಲ್ಲು ಹೊಡೀತಿದ್ದ."

ಕಲ್ಲು ಬೀಸಿದ್ದು ನಿಜ. ಅದು ಗೂಡಿಗೆ ಎರಡಾಳು ಕೆಳಗೆ ಕೊಂಬೆಗೆ ಬಡಿದು ಚರಂಡಿಗೆ ಬಿದ್ದದ್ದೂ ನಿಜ. ಎರಡನೆಯದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಅಪ್ಪ ಹೊಡೆದ ಪೆಟ್ಟುಗಳು ಮರೆತುಹೋಗಿವೆ. ಮರೆಯದೆ ಉಳಿದದ್ದು ಅದರ ಮುಂದಿನ ತೀರ್ಪು. ಹಾಸಿನ ಎಳೆಗಳನ್ನು ಒಂದೊಂದಾಗಿ ಪೋಣಿಸುವ ಕೆಲಸ ಅಕ್ಕನದಾಗಿತ್ತು. ಒಂದೇ ಕಣ್ಣಿಗೆ ಅದು ಸಾಗಲಿಲ್ಲ. ಅವಳ ಜಾಗಕ್ಕೆ ನನ್ನನ್ನು ನಾಲ್ಕನೇ ಕ್ಲಾಸಿನಿಂದ ಬಿಡಿಸಿ ಕೂರಿಸಿದರು. ಅಕ್ಕನ ಕಣ್ಣಿಗೆ ತಮ್ಮನ ಕಣ್ಣು ಎಂದು ಬೀದಿಯವರು ಅದನ್ನು ಮೆಚ್ಚಿಕೊಂಡರು. ಅಣ್ಣ ಹತ್ತನೆಯದನ್ನು ಮುಗಿಸಿದ.

ನಾನು ಓದಿದ್ದೆಲ್ಲ ಆಮೇಲೆ, ಗ್ರಂಥಾಲಯದಿಂದ ತಂದು, ಮಗ್ಗದ ಪಕ್ಕದಲ್ಲಿಟ್ಟುಕೊಂಡು. ಯಾವ ಪುಸ್ತಕವನ್ನು ನಂಬಬೇಕೆಂದು ಹೇಳುವ ಮೇಷ್ಟ್ರು ಇಲ್ಲದ್ದರಿಂದ ಯಾವುದನ್ನೂ ನಂಬದೆ ಓದುವ ಚಾಳಿ ಬೆಳೆಯಿತು. ಅದೇ ಚಾಳಿಯಿಂದ ನನ್ನ ಮೇಲಿದ್ದ ಕಥೆಯನ್ನೂ ಎಳೆ ಎಳೆಯಾಗಿ ಬಿಚ್ಚಿ ನೋಡತೊಡಗಿದೆ. ಕೆಣಕಿದ ಹೆಜ್ಜೇನು ಎದ್ದರೆ ಒಂದು ಹುಳು ಬರುವುದಿಲ್ಲ, ಇಡೀ ಗೂಡು ಬರುತ್ತದೆ. ಆ ದಿನ ಬೀದಿಯಲ್ಲಿ ಹತ್ತಾರು ಜನರಿದ್ದರು, ಕಟ್ಟಿದ ಎಮ್ಮೆಯಿತ್ತು; ಚುಚ್ಚಿದ್ದು ಅಕ್ಕನಿಗೆ ಮಾತ್ರ, ಅದೂ ಒಂದೇ ಮುಳ್ಳು. ಕಲ್ಲು ಬೀಸಿದ್ದು ಹಿಂದಿನ ದಿನದ ಸಂಜೆ. ಏಟು ತಿಂದು ಇಡೀ ಇರುಳು ಸುಮ್ಮನಿದ್ದು, ಬೆಳಿಗ್ಗೆ ಆರಿಸಿ ಒಬ್ಬಳ ಮೇಲೆ ತೀರಿಸಿಕೊಳ್ಳುವುದು ಹುಳುವಿನ ಗುಣವಲ್ಲ, ಮನುಷ್ಯರದು. ಇದನ್ನು ಒಂದೆರಡು ಸಲ ನೆಂಟರ ಮುಂದೆ ಎತ್ತಿದೆ. "ಹೋಗ್ಲಿ ಬಿಡೋ, ಯಾವ ಕಾಲದ್ದು," ಎಂದರು. ಅಣ್ಣ ಕಥೆ ಹೇಳುವಾಗ ಅದು ನಿನ್ನೆ ಮೊನ್ನೆಯದಾಗಿರುತ್ತಿತ್ತು. ನಾನು ಪ್ರಶ್ನೆ ಕೇಳಿದ ಕೂಡಲೇ ಹಳೆಯದಾಗುತ್ತಿತ್ತು.

ಗಂಟು ಸಡಿಲಗೊಳಿಸಿದವಳು ಅಕ್ಕನೇ. ಅವಳಿರುವುದು ದೇವನಹಳ್ಳಿಯಲ್ಲಿ, ಮಗ ಸೊಸೆಯ ಜೊತೆ. ಮನೆಯ ಹಿಂದೆ ಒಂದು ಚಕ್ಕೋತದ ಮರ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಲ್ಲಿ ಕೂತು ಅವಳು ಹೂ ಕಟ್ಟುತ್ತಿದ್ದಳು, ನಾನು ಏನೋ ಹರಟುತ್ತಿದ್ದೆ. ದಾರ ತುಂಡಾಯಿತು. ನೇಕಾರರ ಮನೆಯವರು ಮಾಡುವಂತೆ ಅವಳು ತುದಿಯನ್ನು ನಾಲಗೆಗೆ ತಗುಲಿಸಿ, ಹೊಸೆದು, ಗಂಟು ಹಾಕಿದಳು.

"ಇದು ಸಪ್ಪೆ," ಎಂದಳು. "ಆ ಹಾಸು ಸಿಹಿ ಇತ್ತು ಕಣೋ."

"ಯಾವ ಹಾಸು?"

"ಅದೇ, ಕಣ್ಣಿಂದು. ಬೆಳಿಗ್ಗೆ ನಾಲ್ಕು ಎಳೆ ಹರಿದಿತ್ತು, ನಾನೇ ಸೇರಿಸ್ದೆ. ಬೆಲ್ಲ ನೆಕ್ಕಿದಂಗಿತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ಜೇನು ಯಾಕೆ ಬಂತು ಅಂತ ಕೇಳಿದ್ರು. ಗಂಜಿ ಹೆಂಗಿತ್ತು ಅಂತ ಯಾರು ಕೇಳಿದ್ರು? ಎರಡನ್ನೂ ಸೇರಿಸಿ ನೋಡೋಕೆ ನನಗೂ ತೋಚಲಿಲ್ಲ."

ಅವಳು ಮುಂದಿನ ಹೂವಿಗೆ ಹೋದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಂಜಿಗೆ ಬೆಲ್ಲ ಹಾಕುವುದು ಗೊತ್ತಿದ್ದ ಉಪಾಯವೇ. ಒಣಹವೆಯಲ್ಲಿ ಗಂಜಿ ಹಾಕಿದ ಎಳೆ ಕಡ್ಡಿಯಂತಾಗಿ ಪಟಪಟ ಮುರಿಯುತ್ತದೆ. ಬೆಲ್ಲ ಸೇರಿಸಿದರೆ ಎಳೆಯಲ್ಲಿ ತೇವ ನಿಂತು ಮೆತ್ತಗಿರುತ್ತದೆ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಕಟ್ಟುನಿಟ್ಟಾದ ನಿಷೇಧವಿತ್ತು. ಬೆಲ್ಲದ ಹಾಸಿಗೆ ಇರುವೆ ಮುತ್ತಿ ನೂಲು ಕತ್ತರಿಸುತ್ತದೆ ಎಂದು ಅಪ್ಪ ಯಾರಿಗೂ ಹಾಗೆ ಮಾಡಲು ಬಿಡುತ್ತಿರಲಿಲ್ಲ. ಆ ವರ್ಷ ಗಂಜಿ ಕಾಯಿಸುತ್ತಿದ್ದವನು ಅಣ್ಣ. ಗಂಜಿಯ ಮಡಕೆಯ ಹತ್ತಿರ ಬೇರೆ ಯಾರೂ ಹೋಗುತ್ತಿರಲಿಲ್ಲ.

ಒಂದು ಕಣ್ಣಿನ ಮುದುಕಿಯ ನಾಲಗೆಯ ನೆನಪನ್ನು ಆ ದೊಡ್ಡ ಮನುಷ್ಯನ ಮುಂದೆ ಇಟ್ಟರೆ ಅದನ್ನೂ ಒಂದು ನಗೆಯ ಮಾತಾಗಿಸಿ ಎಲೆಅಡಿಕೆಯ ಜೊತೆ ಹಂಚುತ್ತಾನೆಂದು ನನಗೆ ಗೊತ್ತಿತ್ತು. ಕಣ್ಣಿಗೆ ಕಾಣುವ ಸಾಕ್ಷಿ ಬೇಕಾಗಿತ್ತು. ಬೆಲ್ಲದ ಗಂಜಿ ಹಾಕಿದ ಹಾಸಿಗೆ ಜೇನು ಬರುತ್ತದೆ, ಸಿಟ್ಟಿಲ್ಲದೆ ಬರುತ್ತದೆ, ಕೆನ್ನೆಯ ಮೇಲೆ ಚಿಮ್ಮಿದ ಗಂಜಿಯನ್ನು ನೆಕ್ಕಲು ಕೂರುತ್ತದೆ, ಮಡಿಕೆಯಲ್ಲಿ ಸಿಕ್ಕರೆ ಚುಚ್ಚುತ್ತದೆ. ಈ ನಾಲ್ಕನ್ನೂ ಚಿತ್ರದಲ್ಲಿ ಹಿಡಿಯಬೇಕೆಂದು ತೀರ್ಮಾನಿಸಿದೆ.

ನಮ್ಮ ಪೇಟೆಯಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಅವರ ಮನೆಮಾತು ದಖನಿ. ನನ್ನ ಜೊತೆ ಆಡುವುದು ಅಚ್ಚ ಬಳ್ಳಾಪುರದ ಕನ್ನಡ. ಹುಳುವಿನ ಕಾಲಿನ ಕೂದಲು ಕಾಣುವಷ್ಟು ಹತ್ತಿರದ ಚಿತ್ರ ಬೇಕು ಎಂದೆ. ಅವರು ನನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಲ್ಲಿ ಆಗಲ್ಲ ಯಜಮಾನ್ರೆ. ಮುಂದೆ ಒಂದು ಗಾಜು ಬೇಕು. ಜೇಬಲ್ಲಿ ಯಾವಾಗಲೂ ಒಂದು ಇಟ್ಕೊಂಡು ಓಡಾಡ್ತೀರಲ್ಲ, ಅದು ಕೊಡಿ ಇಲ್ಲಿ."

ಅದು ಬಟ್ಟೆಯ ಎಳೆ ಎಣಿಸುವ ಮಡಿಸುವ ಭೂತಗನ್ನಡಿ. ಹಿತ್ತಾಳೆಯದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅಂಗುಲದಗಲದ ಕಿಂಡಿಯಲ್ಲಿ ಎಷ್ಟು ಎಳೆ ಇವೆಯೆಂದು ಲೆಕ್ಕ ಹಾಕಿಯೇ ನಾನು ಜೀವನ ಸವೆಸಿದ್ದೇನೆ. ಅವರು ಅದನ್ನು ಫೋನಿನ ಕಣ್ಣಿಗೆ ಟೇಪಿನಿಂದ ಅಂಟಿಸಿ, ತಮ್ಮ ಅಂಗಿಯ ತೋಳಿಗೆ ಹಿಡಿದು ತೋರಿಸಿದರು. ನೂಲು ಹಗ್ಗದಷ್ಟು ದಪ್ಪವಾಗಿ ಕಂಡಿತು.

"ಒಂದೇ ತೊಂದರೆ," ಎಂದರು. "ನಾಲ್ಕು ಬೆರಳು ಹತ್ತಿರ ಹೋಗ್ಬೇಕು. ನೀವು ನೊಣ ಬಂದ್ರೂ ಎದ್ದು ಓಡ್ತೀರಿ."

"ಹೋಗ್ತೀನಿ ಭಾಯ್."

ಅವರು ನನ್ನ ಮುಖ ನೋಡಿದರು. "ನೀವು ಫೋಟೋ ತೆಗೆಯೋಕೆ ಹೊರಟಿಲ್ಲ. ಯಾರ ಮೇಲೋ ಕೇಸ್ ಹಾಕೋಕೆ ಹೊರಟಿದೀರ."

ಅಕ್ಕನ ಹಿತ್ತಲಲ್ಲಿ ಎರಡು ಕೋಲು ನೆಟ್ಟು, ಅಂಗೈಯಗಲದ ಎರಡು ಹಾಸು ಚಾಚಿದೆ. ಒಂದಕ್ಕೆ ಬರಿಯ ಗಂಜಿ, ಇನ್ನೊಂದಕ್ಕೆ ಬೆಲ್ಲದ ಗಂಜಿ. ಮೊದಲ ದಿನ ಒಂದು ಹುಳುವೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ತಲೆಯ ಮೇಲೆ ಚಕ್ಕೋತ ಹೂ ಬಿಟ್ಟಿತ್ತು. ಮರವಿಡೀ ತುಡುವೆ ಎಂಬ ಸಣ್ಣ, ಸಾಧು ಜೇನಿನ ಗುಂಯ್ ಎಂಬ ಸದ್ದು. ಅಲ್ಲಿ ಊಟದೆಲೆ ಹಾಸಿರುವಾಗ ನನ್ನ ಗಂಜಿ ಯಾರಿಗೆ ಬೇಕು. ಅಕ್ಕನ ಸೊಸೆ ಅಡುಗೆಮನೆಯ ಕಿಟಕಿಯಿಂದ, "ಮಾವ, ಕರೆಯೋಲೆ ಕೊಟ್ಟಿದ್ರಾ ಅವಕ್ಕೆ?" ಎಂದು ಕೇಳಿದಳು. ಹೂವು ಉದುರಿ, ನೆಲ ಒಣಗಿ, ಸುತ್ತ ಎಲ್ಲೂ ಹೂವಿಲ್ಲದ ದಿನಗಳು ಬರುವವರೆಗೆ ಕಾದೆ. ಕಾದ ಮೇಲೆ ಹೊಳೆಯಿತು, ಅಕ್ಕನ ಕಣ್ಣು ಹೋದದ್ದೂ ಅಂಥ ದಿನಗಳಲ್ಲೇ ಎಂದು.

ಆ ವಾರ ಅವು ಬಂದವು. ಮೊದಲು ಒಂದು, ಬೆಲ್ಲದ ಹಾಸಿನ ಮೇಲೆ ಇಳಿದು, ಮೂಸಿ, ಹಾರಿಹೋಯಿತು. ಅರ್ಧ ಗಂಟೆಯೊಳಗೆ ಹತ್ತಿಪ್ಪತ್ತು. ಬರಿಯ ಗಂಜಿಯ ಹಾಸಿನ ಮೇಲೆ ಒಂದೂ ಇಲ್ಲ. ನಾನು ಗೋಡೆಗೆ ಬೆನ್ನು ಒತ್ತಿ ನಿಂತಿದ್ದೆ. ಸಾಕ್ಷಿ ಅಲ್ಲಿ ಸಾಲಾಗಿ ಕೂತಿತ್ತು, ಹತ್ತಿರ ಹೋಗುವ ಧೈರ್ಯ ನನಗಿರಲಿಲ್ಲ. ಆ ದಿನ ಒಂದು ಚಿತ್ರವನ್ನೂ ತೆಗೆಯದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಣ್ಣ ನನ್ನ ಕಿವಿಯಲ್ಲಿ ನಗುತ್ತಿದ್ದ.

ಹೆದರಿಕೆ ಹೋಗಲಿ ಎಂದು ನಾನು ಕಾಯಲಿಲ್ಲ. ಅದು ಇಂದಿಗೂ ಹೋಗಿಲ್ಲ. ಮಾರನೆಯ ದಿನ ಒಂದು ಮಣೆ ಹಾಕಿಕೊಂಡು, ಹಾಸಿನಿಂದ ಒಂದು ಮಾರು ದೂರದಲ್ಲಿ ಕೂತೆ. ಒಂದೊಂದು ಗೇಣು ಮಣೆ ಸರಿಸುತ್ತ ಹೋದೆ. ಒಂದು ಗೇಣು ಸರಿದು, ಅಣ್ಣನ ಮಾತೊಂದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ಮೈ ಬಿಸಿಯಾದ ಕೂಡಲೇ ಇನ್ನೊಂದು ಗೇಣು. ಜೇನು ಹೆದರಿಕೆಯ ವಾಸನೆ ಹಿಡಿದು ಬಂದು ಚುಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಹಿತ್ತಲಲ್ಲಿ ನನಗಿಂತ ಹೆಚ್ಚು ಹೆದರಿದ ಪ್ರಾಣಿ ಇರಲಿಲ್ಲ; ನನ್ನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಅವು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದೂ ಕೇಳಿದವರು ಕೇಳಿದಂತೆ ಹೇಳಿಕೊಂಡು ಬಂದ ಇನ್ನೊಂದು ಕಥೆ.

ನಾಲ್ಕು ಬೆರಳಿನಷ್ಟು ಹತ್ತಿರ ತಲುಪಿದ್ದು ಐದನೆಯ ದಿನ. ಗಾಜಿನೊಳಗೆ ಮೊದಲು ಕಂಡದ್ದು ಎಳೆ. ಗಂಜಿ ಒಣಗಿ ಅದರ ಮೇಲೆ ಕೆರೆಯ ಕೆಸರಿನಂತೆ ಬಿರುಕು ಬಿಟ್ಟಿತ್ತು. ಆಮೇಲೆ ಒಂದು ಕಾಲು, ಅದರ ಗಿಣ್ಣುಗಳು, ಗಿಣ್ಣಿನ ಮೇಲೆ ಸಾಲು ಹಿಡಿದ ಕೂದಲು. ಎದೆಯ ಮೇಲೆ ಕಂದುಬಣ್ಣದ ಜೂಲು. ರೆಕ್ಕೆಯ ನರಗಳನ್ನು ನೋಡಿ ನಗು ಬಂತು. ಎಳೆ ತಪ್ಪಿಸಿ ನೇಯ್ದ ಹೊಸಬನ ಕೆಲಸದಂತೆ ಒಂದು ಕಿಂಡಿ ದೊಡ್ಡದು, ಒಂದು ಚಿಕ್ಕದು. ಬಾಯಿಂದ ಕೆಂಪು ನಾಲಗೆಯೊಂದು ಇಳಿದು ಎಳೆಯನ್ನು ಉದ್ದಕ್ಕೂ ಒರೆಸುತ್ತಿತ್ತು, ಕುಂಚ ಆಡಿಸಿದಂತೆ. ಚಂದ ಎಂದು ಅನ್ನಿಸಿತೆಂದು ಹೇಳಿದರೆ ಓದುವವರಿಗೆ ಹಿತವಾಗಬಹುದು. ನನಗೆ ಅನ್ನಿಸಿದ್ದು, ಸಿಕ್ಕಿಬಿದ್ದೆಯಾ ಅಣ್ಣ, ಎಂದು ಮಾತ್ರ.

ಉಳಿದದ್ದು ಚುಚ್ಚುವ ಚಿತ್ರ. ನನ್ನ ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಡಿಕೆಗೆ ಬೆಲ್ಲದ ಗಂಜಿ ಸವರಿ, ಕೈಯನ್ನು ಹಾಸಿನ ಪಕ್ಕ ಮಣೆಯ ಮೇಲಿಟ್ಟೆ. ಬಲಗೈಯಲ್ಲಿ ಫೋನು. ಒಂದು ಹುಳು ಬಂದಿತು. ಅದರ ಕಾಲುಗಳ ಗೀರು ಚರ್ಮಕ್ಕೆ ತಿಳಿಯುತ್ತಿತ್ತು. ಅದು ಗಂಜಿಯನ್ನು ಒರೆಸುತ್ತ ಮಡಿಕೆಯ ಒಳಕ್ಕೆ ಹೋಯಿತು. ಅಕ್ಕ ರೆಪ್ಪೆ ಮುಚ್ಚಿದಂತೆ ನಾನು ಬೆರಳು ಮುಚ್ಚಿದೆ.

ಕೆಂಡ ಇಟ್ಟಂತಾಯಿತು. ಬೆರಳು ಬಿಡಿಸಿದಾಗ ಹುಳು ಹೊಟ್ಟೆ ಹರಿದುಕೊಂಡು ಹಾರಿತು. ಮುಳ್ಳು ನನ್ನಲ್ಲೇ ಉಳಿಯಿತು, ಅದರ ತುದಿಯಲ್ಲಿ ಬಿಳಿಯ ಚೀಲ. ಅದನ್ನು ಕೂಡಲೇ ಕಿತ್ತುಹಾಕಬೇಕೆಂದು ಓದಿದ್ದೆ. ಕೀಳಲಿಲ್ಲ. ಗಾಜು ಹಿಡಿದು ನೋಡಿದೆ. ಆ ಚೀಲ ಇನ್ನೂ ಅದುರುತ್ತ ನಂಜನ್ನು ಒಳಕ್ಕೆ ನೂಕುತ್ತಿತ್ತು. ಒಂಬತ್ತು ಚಿತ್ರ ತೆಗೆದು ಆಮೇಲೆ ಉಗುರಿನಿಂದ ಕೆರೆದೆ. ಕೈ ಮೊಣಕೈವರೆಗೆ ಊದಿತು. ಅಂಥ ಸಂತೋಷವನ್ನು ನಾನು ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ. ಅಕ್ಕ ಮಾತ್ರ ಊದಿದ ಕೈ ನೋಡಿ, "ಹುಚ್ಚು ಹಿಡಿದಿದ್ಯೇನೋ ನಿನಗೆ," ಎಂದು ಗದರಿ ತಣ್ಣೀರಿನ ಬಟ್ಟೆ ಸುತ್ತಿದಳು. ಸುಣ್ಣ ತರಲಿಲ್ಲ.

ಸ್ಟುಡಿಯೋದಲ್ಲಿ ಆ ಚಿತ್ರಗಳನ್ನು ಊಟದ ತಟ್ಟೆಯಷ್ಟು ದೊಡ್ಡದಾಗಿ ಹಾಕಿಸಿಕೊಂಡು ಅಣ್ಣನ ಮನೆಗೆ ಹೋದೆ. ಕೆಳಗೆ ಮಗ್ಗಗಳ ಸದ್ದು, ಮೇಲಿನ ಹಜಾರದಲ್ಲಿ ಅವನ ಕುರ್ಚಿ. ಒಂದೊಂದಾಗಿ ಚಿತ್ರಗಳನ್ನು ಮೇಜಿನ ಮೇಲಿಟ್ಟೆ. ಅವನು ಕನ್ನಡಕ ಹಾಕಿಕೊಂಡು ನೋಡಿದ.

"ಚೆನ್ನಾಗಿ ಬಂದಿದೆ ಕಣೋ. ಹೆಜ್ಜೇನಿಗೆ ಹೆದರಿ ಕಂಬಳಿ ಹೊದ್ಕೋತಿದ್ದೋನು ನೀನು. ಏನಿದು, ಕಲ್ಲು ಹೊಡ್ದಿದ್ದಕ್ಕೆ ಪ್ರಾಯಶ್ಚಿತ್ತನಾ?"

"ಹೆಜ್ಜೇನಲ್ಲ ಅಣ್ಣ, ತುಡುವೆ. ಅದು ಕೂತಿರೋದು ಹಾಸಿನ ಮೇಲೆ. ಗಂಜಿಗೆ ಬೆಲ್ಲ ಹಾಕಿದ್ದೆ."

ಅವನ ಕೈ ಅರೆಗಳಿಗೆ ನಿಂತಿತು. ಆಮೇಲೆ ಇನ್ನೊಂದು ಚಿತ್ರ ಎತ್ತಿಕೊಂಡ. "ಬೆಲ್ಲ ಹಾಕಿದ್ರೆ ಹುಳು ಬರದೆ ಇರುತ್ತಾ. ನಮ್ಮನೇಲಿ ಬೆಲ್ಲ ಹಾಕ್ತಿರಲಿಲ್ಲ. ಚಿಕ್ಕಪ್ಪ ಬಿಡ್ತಾನೇ ಇರಲಿಲ್ಲ."

ಈ ಉತ್ತರ ಬರುತ್ತದೆಂದು ನಾನು ಎಣಿಸಿಯೇ ಹೋಗಿದ್ದೆ. ಚಿತ್ರಗಳಿಂದ ಅವನು ಒಪ್ಪುವುದಿಲ್ಲ. ಆದರೆ ಅವನು ನೇಕಾರ. ಅದೂ ತನ್ನ ಗಂಜಿಯ ಬಗ್ಗೆ ಜಂಬವಿದ್ದ ನೇಕಾರ. ತಪ್ಪು ಪಾಕವನ್ನು ಕಿವಿಗೆ ಹಾಕಿಕೊಂಡು ಸುಮ್ಮನಿರುವ ಶಕ್ತಿ ನಮ್ಮ ಬೀದಿಯ ಯಾವ ಗಂಡಸಿಗೂ ಇಲ್ಲ.

"ಇರಲಿ ಬಿಡು," ಎಂದೆ. "ನಾನು ಒಂದು ಮಡಕೆ ಗಂಜಿಗೆ ಎರಡು ಅಚ್ಚು ಬೆಲ್ಲ ಹಾಕ್ದೆ. ಕುದಿಯೋವಾಗಲೇ. ಎಳೆ ಎಷ್ಟು ಮೆತ್ತಗೆ ಬಂತು ಅಂತೀಯ."

"ಎರಡು ಅಚ್ಚಾ?" ಅವನು ಕನ್ನಡಕ ತೆಗೆದ. "ಯಾರಪ್ಪ ನಿನಗೆ ಹೇಳಿಕೊಟ್ಟಿದ್ದು? ಹಾಸೆಲ್ಲ ಅಂಟಂಟಾಗಿ ಒಂದೇ ಹಪ್ಪಳ ಆಗುತ್ತೆ. ಅರ್ಧ ಅಚ್ಚು, ಅಷ್ಟೆ. ಅದೂ ಕುದಿಯೋವಾಗ ಹಾಕಬಾರದು, ಇಳಿಸಿ ಬೆಚ್ಚಗಾದ ಮೇಲೆ ಕರಗಿಸಿ ಸೋಸಿ ಹಾಕ್ಬೇಕು. ಆ ಹಾಸು ಬೆಣ್ಣೆ ಹಂಗಿತ್ತು, ಗೊತ್ತಾ? ಇರುವೆನೂ ಬರಲಿಲ್ಲ, ಬೇವಿನೆಣ್ಣೆ ಒಂದು..."

ಅಲ್ಲಿಗೆ ನಿಂತ.

"ಯಾವ ಹಾಸು ಅಣ್ಣ?" ಎಂದು ಕೇಳಿದೆ. ಅಷ್ಟು ಮೆತ್ತಗಿನ ದನಿಯಲ್ಲಿ ನಾನು ಜೀವನದಲ್ಲಿ ಇನ್ನೊಂದು ಪ್ರಶ್ನೆ ಕೇಳಿಲ್ಲ.

ಅವನು ಚಿತ್ರಗಳನ್ನು ಜೋಡಿಸಿ ಅಂಚು ಸರಿಮಾಡಿದ. "ಅರವತ್ತು ವರ್ಷ ಆಯ್ತಲ್ಲೋ. ಈಗ ಇದು ಯಾರಿಗೆ ಬೇಕು?"

"ನನಗೆ ಬೇಕು. ನಾಲ್ಕನೇ ಕ್ಲಾಸಿಂದ ಎದ್ದು ಬಂದೋನು ನಾನು."

"ಎಲ್ಲರ ಮುಂದೆ ಹೇಳ್ಬೇಕಾ?"

ಎಲ್ಲರ ಮುಂದೆಯೇ ಎಂದು ವರ್ಷಗಟ್ಟಲೆ ಯೋಚಿಸಿಕೊಂಡು ಬಂದಿದ್ದೆ. ಆದರೆ ಆ ಕ್ಷಣ ಕಂಡಿತು, ಎಲ್ಲರ ಮುಂದೆ ಹೇಳಿದರೆ ಅವನು ಇದನ್ನೂ ನಗುವ ಕಥೆ ಮಾಡುತ್ತಾನೆ. ಹೇಳುವ ಕಲೆ ಅವನದು. "ಅಕ್ಕನ ಮುಂದೆ ಹೇಳು," ಎಂದೆ. ಅವನ ಮುಖದ ಬಣ್ಣ ನೋಡಿ, ಸರಿಯಾದ ಕಡೆಯೇ ಕೈಹಾಕಿದ್ದೇನೆಂದು ತಿಳಿಯಿತು.

ಆ ವಾರವೇ ಬಾಡಿಗೆ ಕಾರಿನಲ್ಲಿ ಅವನನ್ನು ದೇವನಹಳ್ಳಿಗೆ ಕರೆದುಕೊಂಡು ಹೋದೆ. ಅಕ್ಕ ಹಿತ್ತಲಲ್ಲಿ ಕಾಳು ಬಿಡಿಸುತ್ತ ಕೂತಿದ್ದಳು. ಕುರ್ಚಿ ಹಾಕಿಸಿದಳು. ಅವನು ಕೂತು, ಯೋಗಕ್ಷೇಮ ಕೇಳಿ, ಮೇಲೆ ಹಾರಿದ ವಿಮಾನದ ಸದ್ದು ಮುಗಿಯುವವರೆಗೆ ಕಾದು, ಹೇಳಿದ.

"ಬೆಲ್ಲ ಹಾಕಿದ್ದು ನಾನು ಕಣಮ್ಮ. ಆ ಹಾಸಿಗೆ. ಜೇನು ಬಂದಿದ್ದು ಅದಕ್ಕೆ. ಇವನ ಕಲ್ಲಿಗಲ್ಲ."

ಅಕ್ಕನ ಕೈ ನಿಲ್ಲಲಿಲ್ಲ. "ಅವತ್ತೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಮತ್ಯಾಕೆ ಇವನ ಹೆಸರು ಹೇಳ್ದೆ?"

"ಮೊದಲು ಚಿಕ್ಕಪ್ಪನ ಹೆದರಿಕೆ. ಆಮೇಲೆ..." ಅವನು ನನ್ನ ಕಡೆ ನೋಡಿದ, ನಾನು ಚಕ್ಕೋತದ ಮರ ನೋಡಿದೆ. "ಆಮೇಲೆ ಹೇಳಿ ಹೇಳಿ ನನಗೇ ಹಂಗೇ ಅನ್ನಿಸೋಕೆ ಶುರುವಾಯ್ತು."

ಅಕ್ಕ ಮೊರವನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಇವನನ್ನ ಕ್ಷಮಿಸೋಕೆ ನನಗೆ ಹತ್ತು ವರ್ಷ ಹಿಡೀತು ಅಣ್ಣ," ಎಂದಳು. "ಒಂದೇ ಮನೇಲಿ. ದಿನಾ ಊಟಕ್ಕೆ ಬಡಿಸ್ತಾ ಬಡಿಸ್ತಾ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆ. ಅಷ್ಟೂ ದಿನ ಇವನ ಮುಖ ಕಂಡ್ರೆ ಈ ಕಣ್ಣು ಉರೀತಿತ್ತು. ಈಗ ನೀನು ಬಂದು, ಅವನಲ್ಲ ನಾನು ಅಂತೀಯ. ನಿನ್ನನ್ನ ಮೊದಲಿಂದ ಶುರು ಮಾಡ್ಬೇಕು ಅಂದ್ರೆ ಹತ್ತು ವರ್ಷ ಎಲ್ಲಿಂದ ತರಲಿ?"

ಆ ಹತ್ತು ವರ್ಷದ ಸಂಗತಿ ನನಗೂ ಗೊತ್ತಿರಲಿಲ್ಲ. ಅವಳು ನನ್ನನ್ನು ಎಂದೂ ದೂರಿದವಳಲ್ಲ ಎಂದೇ ನಾನು ನಂಬಿಕೊಂಡಿದ್ದೆ. ಎಲ್ಲವನ್ನೂ ಅನುಮಾನಿಸಿದವನು ಅದೊಂದನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ. ಅವಳು ಬಡಿಸಿದ ಎಷ್ಟೋ ಊಟಗಳು ಒಮ್ಮೆಲೇ ನೆನಪಿಗೆ ಬಂದವು. ಅದನ್ನೂ ಅಣ್ಣನ ತಲೆಗೇ ಕಟ್ಟಿದೆ.

ಅಣ್ಣ ಕುರ್ಚಿಯ ಅಂಚಿಗೆ ಬಂದು, ಏನನ್ನೋ ಕಾಯುವವನಂತೆ ಅವಳ ಮುಖವನ್ನೇ ನೋಡುತ್ತಿದ್ದ.

"ಕಾಫಿ ಕುಡ್ಕೊಂಡು ಹೊರಡಿ," ಎಂದಳು ಅಕ್ಕ. "ಬಿಸಿಲು ಏರುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಹೊರಡು. ನಿನಗೆ ಬೇಕಾಗಿದ್ದು ಸಿಕ್ತಲ್ಲ."

ಕಾರು ಪೇಟೆ ದಾಟಿದ ಮೇಲೆ ಅಣ್ಣ, "ಕಾಫಿ ಕೊಟ್ಲಲ್ಲ. ಕ್ಷಮಿಸಿದಂಗೇ ತಾನೇ ಅದು?" ಎಂದ.

"ಗೊತ್ತಿಲ್ಲ ಅಣ್ಣ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. "ಹತ್ತು ವರ್ಷ ಅಂದಿದ್ದು ತಮಾಷೆಗೆ ಅಲ್ವೇನೋ? ನಿನಗೆ ಗೊತ್ತಲ್ಲ ಅವಳ ಮಾತು."

ಗೊತ್ತಿತ್ತು. ಅವಳು ತಮಾಷೆ ಮಾಡಿದಾಗ ಬಲಗಣ್ಣಿನ ಪಕ್ಕ ಎರಡು ಗೆರೆ ಏಳುತ್ತವೆ. ಆ ದಿನ ಎದ್ದಿರಲಿಲ್ಲ. ಅದನ್ನು ಹೇಳಿದ್ದರೆ ಅವನಿಗೆ ಒಂದು ಉತ್ತರವಾದರೂ ಸಿಗುತ್ತಿತ್ತು. "ನನಗೇನು ಗೊತ್ತು. ಅವಳನ್ನೇ ಕೇಳ್ಬೇಕಿತ್ತು," ಎಂದು ಕಿಟಕಿಯ ಹೊರಗೆ ನೋಡಿದೆ.

ಅವನು ಮುಂದಕ್ಕೆ ಬಾಗಿ ಡ್ರೈವರನ ಭುಜ ಮುಟ್ಟಿದ. "ಗಾಡಿ ತಿರುಗಿಸಪ್ಪ. ಒಂದೇ ಒಂದು ಮಾತು ಕೇಳ್ಬೇಕು."

ಡ್ರೈವರ್ ವೇಗ ತಗ್ಗಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಬಾಡಿಗೆ ಗೊತ್ತು ಮಾಡಿದವನು ನಾನು.

"ಬೇಡ, ಮುಂದಕ್ಕೆ ಹೋಗಪ್ಪ," ಎಂದೆ. "ಅಣ್ಣನಿಗೆ ಮಾತ್ರೆ ತಗೊಳ್ಳೋ ಹೊತ್ತಾಯ್ತು."